ಸೇಂದಿ ಅಂಗಡಿಯ ಹಾರ್ಮೋನಿಯಂ

ಪಶ್ಚಾತ್ತಾಪ ಪಡುವುದಕ್ಕೂ ಒಂದು ಯೋಗ್ಯತೆ ಬೇಕು. ಮಾಡಿದ ತಪ್ಪಿಗೆ ಪಶ್ಚಾತ್ತಾಪ ಪಡುವವರು ಎಲ್ಲ ಊರಲ್ಲೂ ಇರುತ್ತಾರೆ, ಅದರಲ್ಲಿ ಹೆಚ್ಚಿನದೇನಿಲ್ಲ. ಮಾಡದ ತಪ್ಪಿಗೆ, ತುಂಬಿದ ಸಭೆಯಲ್ಲಿ, ಹೆಗಲ ಮೇಲೆ ಶಾಲು ಹೊದ್ದುಕೊಂಡು ಪಶ್ಚಾತ್ತಾಪ ಪಡುವುದಿದೆಯಲ್ಲ, ಅದು ಕಷ್ಟದ ಕೆಲಸ. ಸೇಂದಿ ಅಂಗಡಿಗಳನ್ನು ಸರಕಾರ ಮುಚ್ಚಿಸಿದಂದಿನಿಂದ ನಾನು ಅದನ್ನು ಮಾಡುತ್ತ ಬಂದಿದ್ದೇನೆ. ಹೊಸಪೇಟೆಯ ಸುತ್ತಮುತ್ತ ಕುಡಿತ ಬಿಟ್ಟು ಒಳ್ಳೆಯವರಾದವರ ಹೆಸರು ಹೇಳಿ ಎಂದರೆ ಜನ ಮೊದಲು ನನ್ನ ಹೆಸರು ಹೇಳುತ್ತಾರೆ. ಎರಡನೆಯ ಹೆಸರಿಗೆ ಸ್ವಲ್ಪ ಯೋಚನೆ ಮಾಡುತ್ತಾರೆ. ಆದರೆ ವಯಸ್ಸಾಯಿತು, ಇನ್ನು ಮುಚ್ಚಿಡುವುದು ಸರಿಯಲ್ಲ. ನಾನು ಈ ಜನ್ಮದಲ್ಲಿ ಒಂದು ಹನಿ ಸೇಂದಿಯನ್ನೂ ನಾಲಿಗೆಗೆ ಮುಟ್ಟಿಸಿದವನಲ್ಲ. ದೇವರು ನನ್ನನ್ನು ಕ್ಷಮಿಸಲಿ.

ಇದಾದದ್ದು ಹೇಗೆಂದು ಹೇಳಬೇಕಾದರೆ ಈರಣ್ಣನ ಅಂಗಡಿಯಿಂದ ಹೊರಡಬೇಕು. ಊರ ಕಾಲುವೆ ದಾಟಿ, ಕಂಪ್ಲಿಗೆ ಹೋಗುವ ಬಂಡಿದಾರಿಯಲ್ಲಿ, ಈಚಲ ವನದ ಅಂಚಿಗೆ ಅದು ಇತ್ತು. ಮೇಲೆ ಈಚಲ ಗರಿಯ ಚಪ್ಪರ, ಕೆಳಗೆ ಅದನ್ನು ಹೊತ್ತ ಕಲ್ಲುಕಂಬಗಳು. ಹಂಪಿಗೆ ಹತ್ತಿರದ ಊರಿನಲ್ಲಿ ಕಲ್ಲುಕಂಬಕ್ಕೆ ಬರವಿರುವುದಿಲ್ಲ. ಯಾವ ಅರಸನ ಯಾವ ಮಂಟಪದ ಕಂಬವೋ, ಒಂದರ ಮೇಲೆ ಮದ್ದಳೆ ಬಾರಿಸುವ ಹೆಂಗಸಿನ ಚಿತ್ರವಿತ್ತು. ಗಿರಾಕಿಗಳು ಮೊದಲ ಗುಟುಕು ಕುಡಿಯುವ ಮುಂಚೆ ಆಕೆಯ ಮೇಲೆ ನಾಲ್ಕು ಹನಿ ಚಿಮುಕಿಸುತ್ತಿದ್ದರು. ಆಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಅಂಗಡಿಯ ಹರಾಜಿನ ಹುಕುಂ ಇಂಗ್ಲಿಷಿನಲ್ಲಿ ಬರುತ್ತಿತ್ತು, ಕಚೇರಿಯವರು ಅದನ್ನು ತೆಲುಗಿನಲ್ಲಿ ಓದಿ ಹೇಳುತ್ತಿದ್ದರು, ಈರಣ್ಣ ಅದನ್ನು ಕೇಳಿಸಿಕೊಂಡು ಕನ್ನಡದಲ್ಲಿ ಬೈಯುತ್ತಿದ್ದ, ಸಂಜೆ ಸಂಡೂರಿನ ಗಣಿಯವರು ಬಂದು ಮರಾಠಿಯಲ್ಲಿ ಲಾವಣಿ ಹಾಡುತ್ತಿದ್ದರು. ರಾಜ್ಯಭಾರ ಸುಗಮವಾಗಿ ನಡೆದಿತ್ತು.

ಹಾಡಿಲ್ಲದೆ ಸೇಂದಿ ಮಾರಬಾರದು ಎಂಬುದು ಈರಣ್ಣನ ಅಪ್ಪನ ಕಾಲದಿಂದ ಬಂದ ಕಟ್ಟಳೆ. ಅದಕ್ಕೆ ಈರಣ್ಣ ಕೊಡುತ್ತಿದ್ದ ಕಾರಣವೂ ಸರಳವಾಗಿತ್ತು. "ಕುಡದ ಮ್ಯಾಲ ಬಾಯಿಗೆ ಏನಾರ ಕೆಲಸ ಬೇಕ್ರಿ. ಪದ ಕೊಡಲಿಲ್ಲಂದ್ರ ಅದು ಜಗಳ ಹುಡುಕ್ಕೊಂಡು ಹೊಕ್ಕತಿ." ಆದ್ದರಿಂದ ಅಲ್ಲಿ ಸುಮ್ಮನೆ ಕೂತು ಕುಡಿಯುವವನನ್ನು ಅನುಮಾನದಿಂದ ನೋಡುತ್ತಿದ್ದರು. ಒಬ್ಬ ಎತ್ತಿಕೊಟ್ಟ ಪದಕ್ಕೆ ಉಳಿದವರು ಹಿಂದಿನಿಂದ ಸೊಲ್ಲು ಹಿಡಿಯಲೇಬೇಕು. ಕಂಪ್ಲಿಯ ಹರಿಗೋಲಿನವರು ಹೊಳೆಯ ಪದ ಹಾಡುತ್ತಿದ್ದರು. ಒಂದು ಸಾಲು ಮುಗಿಯುವಷ್ಟರಲ್ಲಿ ನಿಜವಾಗಿಯೂ ಹೊಳೆ ದಾಟಬಹುದಿತ್ತು. ಎಮ್ಮಿಗನೂರಿನ ಭತ್ತದ ರೈತರು ತತ್ವಪದದವರು. ದೇಹವೆಂಬುದು ತೂತುಬಿದ್ದ ಮಡಕೆ ಎಂದು ಕಣ್ಣೀರು ಹಾಕಿ ಹಾಡಿ, ಹಾಡು ಮುಗಿದ ಕೂಡಲೇ ತೂತಿಲ್ಲದ ಇನ್ನೊಂದು ಮಗಿ ತರಲು ಹೇಳುತ್ತಿದ್ದರು. ಇವರಿಗೆಲ್ಲ ತಾಳ ಹಾಕುವುದು ಹುಲುಗಪ್ಪನ ದಪ್ಪು, ಅಂದರೆ ತಮಟೆ. ಹುಲುಗಪ್ಪನ ವಿಷಯ ಮುಂದೆ ಬರುತ್ತದೆ. ಅವನು ಬಾರದೆ ಬಿಡುವವನಲ್ಲ.

ನಾನು ಅಲ್ಲಿಗೆ ಹೋದದ್ದು ಒಂದು ಹಾರ್ಮೋನಿಯಂಗಾಗಿ. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತೇವೆ. ಯಾವುದೋ ನಾಟಕ ಕಂಪನಿ ಹೊಸಪೇಟೆಯಲ್ಲಿ ಒಡೆದುಹೋದಾಗ ಅದರ ಮಾಲೀಕ ಈ ಪೇಟಿಯನ್ನು ಈರಣ್ಣನ ಅಂಗಡಿಯಲ್ಲಿಟ್ಟು, "ಈಗ ಬಂದೆ" ಎಂದು ಹೋದವನು ಬರಲೇ ಇಲ್ಲ. ನಾನಾಗ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಹೈಸ್ಕೂಲಿನಲ್ಲಿ ಪ್ರಾರ್ಥನೆಗೆ ಇಟ್ಟಿದ್ದ ಪೇಟಿಯ ಮೇಲೆ ಕದ್ದು ಬೆರಳಾಡಿಸಿ ಕಲಿತಿದ್ದೆ. ಹೈಸ್ಕೂಲಿನಲ್ಲಿ ಕಲಿತದ್ದರಲ್ಲಿ ಕೈಯಲ್ಲಿ ಉಳಿದದ್ದು ಅದೊಂದೇ. ಒಂದು ಸಂಜೆ ಗಿರಣಿಯಿಂದ ಮನೆಗೆ ಹೋಗುವಾಗ ಯಾರೋ ಆ ಪೇಟಿಯನ್ನು ಹಿಂಸಿಸುತ್ತಿರುವುದು ಕೇಳಿಸಿತು. ತಡೆಯಲಾರದೆ ಒಳಗೆ ಹೋಗಿ, "ಸ್ವಲ್ಪ ಸರಿಯಪ್ಪಾ" ಎಂದೆ. ಆಮೇಲೆ ಎಷ್ಟೋ ವರ್ಷ ನಾನು ಅಲ್ಲಿಂದ ಸರಿಯಲಿಲ್ಲ.

ಪೇಟಿ ಬಾರಿಸಲು ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ಮನೆತನದ ಕಥೆ ನಿಮಗೆ ಗೊತ್ತಿಲ್ಲ. ನಮ್ಮ ಚಿಕ್ಕಪ್ಪ ಪೇಟಿ ಕಲಿತು, ಒಂದು ನಾಟಕ ಕಂಪನಿಯ ಬೆನ್ನುಹತ್ತಿ ಗದಗಿನ ಕಡೆಗೆ ಹೋದವರು ತಿರುಗಿ ಬರಲಿಲ್ಲ. ಚಿಕ್ಕಮ್ಮ ನಮ್ಮ ಮನೆಯಲ್ಲೇ ಉಳಿದು, ಸಾಯುವ ತನಕ ಯಾರಿಗೂ ತಲೆಬಾಗಿಲ ಅಗುಳಿ ಹಾಕಗೊಡಲಿಲ್ಲ. ನನ್ನ ಹೆಂಡತಿ ನೀಲವ್ವ ಸೊಸೆಯಾಗಿ ಬಂದ ಮೇಲೆ ಕೊನೆಗಾಲದಲ್ಲಿ ಅವರ ಸೇವೆ ಮಾಡಿದವಳು. ಹೀಗಾಗಿ ನಮ್ಮಲ್ಲಿ ಕುಡುಕರ ವಿಷಯ ಬಂದರೆ ಅಯ್ಯೋ ಪಾಪ ಎನ್ನುತ್ತಿದ್ದರು. ಪೇಟಿಯವರ ವಿಷಯವನ್ನು ಯಾರೂ ಎತ್ತುತ್ತಲೇ ಇರಲಿಲ್ಲ.

ಇನ್ನು ಅಂಗಡಿಯಲ್ಲಿ ನನಗೆ ಬಂದ ತೊಂದರೆ ಬೇರೆ. ವಾದ್ಯ ಬಾರಿಸುವವನ ಮುಂದೆ ಒಂದು ತುಂಬಿದ ಮಗಿ ಇಡುವುದು ಅಲ್ಲಿಯ ಮರ್ಯಾದೆ. ಬೇಡವೆಂದರೆ ಹಾಡಿದವನ ಹಾಡು ಚೆನ್ನಾಗಿಲ್ಲ ಎಂದು ಹೇಳಿದ ಹಾಗೆ. ನಾವು ಲಿಂಗವಂತರು, ಮನೆಯಲ್ಲಿ ಯಾರೂ ಮುಟ್ಟಿದವರಲ್ಲ. ನನಗೆ ಅದರ ಹುಳಿವಾಸನೆಯೇ ಆಗುತ್ತಿರಲಿಲ್ಲ. ಮೊದಲ ದಿನ ನಾನು ಮಗಿಯನ್ನು ನೋಡುತ್ತ ಕೂತಿದ್ದಾಗ ಪಕ್ಕದಲ್ಲಿದ್ದ ಹುಲುಗಪ್ಪ ದಪ್ಪಿನ ಮರೆಯಿಂದ ಎಡಗೈ ಚಾಚಿದ. "ಗುಮಾಸ್ತ್ರ, ನಿಮ್ಮ ಪಾಪ ಇತ್ತ ಕೊಡ್ರಿ" ಎಂದ. ಅಂದಿನಿಂದ ನನ್ನ ಮುಂದಿನ ಮಗಿಗಳೆಲ್ಲ ಆ ದಾರಿಯಲ್ಲೇ ಹೋದವು. ಆದರೆ ಖಾಲಿ ಮಗಿ ಮಾತ್ರ ನನ್ನ ಮುಂದೆಯೇ ಇರುತ್ತಿತ್ತು. ಎಲ್ಲರಿಗೂ ಕಾಣುವಂತೆ ಹುಲುಗಪ್ಪ ಕುಡಿಯುತ್ತಿದ್ದದ್ದು ತನ್ನದೊಂದೇ ಮಗಿ. ಹೀಗಾಗಿ ಊರಿನಲ್ಲಿ ಹುಲುಗಪ್ಪ ಮಿತದ ಮನುಷ್ಯನೆಂದು ಹೆಸರಾದ. ನಾನು ಎಷ್ಟು ಕುಡಿದರೂ ತಾಳ ತಪ್ಪದವನೆಂದು ಹೆಸರಾದೆ. ಈ ಎರಡನೆಯ ಹೊಗಳಿಕೆ ಕೇಳಿ ನಾನು ಒಳಗೊಳಗೇ ಸಂತೋಷಪಟ್ಟದ್ದೂ ಉಂಟು, ಅದನ್ನೂ ಕ್ಷಮಿಸಬೇಕು.

ಹೆಂಡತಿಗೆ ಗೊತ್ತಾದದ್ದು ಪೇಟಿಯಿಂದಲೇ. ಅದರ ತಿದಿ ದಿನವೆಲ್ಲ ಅಂಗಡಿಯ ಗಾಳಿ ಕುಡಿದು, ಸಂಜೆ ನಾನು ಒತ್ತಿದಾಗ ಅಷ್ಟನ್ನೂ ನನ್ನ ಎದೆಯ ಮೇಲೆ ಬಿಡುತ್ತಿತ್ತು. ಒಂದು ದಿನ ಒಗೆಯಲು ಅಂಗಿ ಎತ್ತಿಕೊಂಡ ನೀಲವ್ವ ಅಲ್ಲೇ ನಿಂತಳು.

"ಅಂಗಿ ನಾರಾಕತ್ತೈತಿ. ಕುಡದು ಬರಾಕತ್ತೀರೇನ್ರಿ?"

ನನ್ನ ಮುಂದೆ ಎರಡು ಉತ್ತರಗಳಿದ್ದವು. ಚಿಕ್ಕಮ್ಮ ಕೂರುತ್ತಿದ್ದ ಮೂಲೆ ಕಣ್ಣಿಗೆ ಬಿತ್ತು. ಹೌದು ಎಂದೆ.

ಅವಳು ಅಂಗಿಯನ್ನು ಬಕೆಟ್ಟಿಗೆ ಹಾಕಿ ನಿಟ್ಟುಸಿರು ಬಿಟ್ಟಳು. ಅದರಲ್ಲಿ ಅರ್ಧ ಸಮಾಧಾನವಿತ್ತೆಂದು ನನಗೆ ಈಗಲೂ ಅನುಮಾನ. "ಇಷ್ಟ ಹೌದಲ್ರಿ? ಚಿಕ್ಕಮಾವ್ನಂಗ ಪೇಟಿ ಗೀಟಿ ಅಂತ ಹೊಂಟೀರೇನೋ ಅಂತ ಎದಿ ಝಲ್ಲಂದಿತ್ತು. ಕುಡಿಯಾದು ಬಿಡಸಬೌದು. ಹೋದ ಗಂಡನ್ನ ಎಲ್ಲಿಂದ ತರಾಣ?"

ಆಮೇಲೆ ಅವಳು ವಿರೂಪಾಕ್ಷನಿಗೆ ಹರಕೆ ಹೊತ್ತಳು. ನಾನು ಕುಡಿತ ಬಿಡುವ ತನಕ ಬೆಲ್ಲ ತಿನ್ನುವುದಿಲ್ಲ ಎಂದು. ಈ ಹರಕೆಯ ತೂಕ ತಿಳಿಯಬೇಕಾದರೆ ಅವಳ ತವರು ನೋಡಬೇಕು. ಕಂಪ್ಲಿಯಲ್ಲಿ ಕಬ್ಬಿನ ತೋಟ, ಆಲೆಮನೆಯ ಪಕ್ಕದಲ್ಲೇ ಮನೆ. ತೊಟ್ಟಿಲಲ್ಲಿದ್ದಾಗಿನಿಂದ ಬೆಲ್ಲ ನೆಕ್ಕಿ ಬೆಳೆದವಳು. ಮದುವೆಯಾದ ಹೊಸದರಲ್ಲಿ ನಾನು ಏನಾದರೂ ಬೈದರೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು, ಅದು ಕರಗುವ ತನಕ ಸುಮ್ಮನಿದ್ದು ಆಮೇಲೆ ತಿರುಗಿ ಬೈಯುತ್ತಿದ್ದಳು. ಈಗ ಕೂಡಲೇ ಬೈಯತೊಡಗಿದಳು. ಹೋಳಿಗೆ ಮಾಡಿ ಎಲ್ಲರಿಗೂ ಬಡಿಸಿ ತಾನು ಜೋಳದ ರೊಟ್ಟಿ ಮುರಿಯುತ್ತಿದ್ದಳು. ಯುಗಾದಿಯ ದಿನ ನಮಗೆಲ್ಲ ಬೇವುಬೆಲ್ಲ ಕೊಟ್ಟು, ತಾನು ಬೇವನ್ನಷ್ಟೇ ಅಗಿದು ನನ್ನ ಮುಖ ನೋಡುತ್ತಿದ್ದಳು. ಪ್ರತಿ ಯುಗಾದಿಗೂ ನಾನು ಪೇಟಿ ಬಿಟ್ಟೆ. ಬಿಟ್ಟು ಎರಡು ದಿನ ಬೇರೆ ದಾರಿಯಿಂದ ಮನೆಗೆ ಬಂದೆ. ಮೂರನೆಯ ದಿನ ಗಾಳಿ ಆ ಕಡೆಯಿಂದ ಬೀಸಿ, ಸಂಡೂರಿನವರು ಲಾವಣಿ ಎತ್ತಿದ್ದು ಕೇಳುತ್ತಿತ್ತು. ಕುಡುಕರು ತಮ್ಮ ಕಾಲು ತಾನಾಗಿಯೇ ಅಂಗಡಿಯ ಕಡೆ ತಿರುಗುತ್ತದೆ ಎಂದು ಹೇಳಿದಾಗ ನಾನು ನಂಬುತ್ತೇನೆ.

ಕೊನೆಗೆ ನನ್ನನ್ನು ಬಿಡಿಸಿದ್ದು ಮದ್ರಾಸ್ ಸರಕಾರ. ಪಾನನಿರೋಧ ಬಂತು, ಜಿಲ್ಲೆಯ ಅಂಗಡಿಗಳೆಲ್ಲ ಮುಚ್ಚಿದವು. ತಡೆಯಲಾರದವರು ಹರಿಗೋಲು ಹತ್ತಿ ಹೊಳೆ ದಾಟಿ, ಆನೆಗೊಂದಿಯ ಕಡೆ ನಿಜಾಮನ ಸೀಮೆಯಲ್ಲಿ ಕುಡಿದು ಬರತೊಡಗಿದರು. ಆದರೆ ಅಲ್ಲಿ ಹಾಡಿಲ್ಲ, ಅವಸರದಲ್ಲಿ ಕುಡಿದು ಕಡೆಯ ಹರಿಗೋಲು ಹಿಡಿಯಬೇಕು, ಜಗಳ ಹೆಚ್ಚಾಯಿತು. ಈರಣ್ಣನ ಅಪ್ಪನ ಕಟ್ಟಳೆ ಸರಿಯಾಗಿತ್ತು. ಪೇಟಿ ಇಲ್ಲದ ಮೇಲೆ ನಾನು ನೇರವಾಗಿ ಮನೆಗೆ ಬರತೊಡಗಿದೆ, ಅಂಗಿ ನಾರುವುದು ನಿಂತಿತು. ನೀಲವ್ವ ಒಂದು ತಿಂಗಳು ಮೂಸಿ ನೋಡಿ, ಹಂಪಿಗೆ ಹೋಗಿ ಹರಕೆ ಒಪ್ಪಿಸಿ ಬಂದು, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಒಂದು ಅಚ್ಚು ಬೆಲ್ಲ ತಿಂದಳು. ಇಡೀ ಅಚ್ಚು. ಆ ಮುಖ ನೋಡಿದವರು ಯಾರೂ ನಿಜ ಹೇಳುತ್ತಿರಲಿಲ್ಲ.

ಸುದ್ದಿ ಪಾನನಿರೋಧ ಸಂಘದ ವಕೀಲ ರಾಯರಿಗೆ ಮುಟ್ಟಿತು. ಅವರಿಗೆ ಬಿಟ್ಟವನೊಬ್ಬ ಬೇಕಾಗಿತ್ತು, ಅದೂ ಓದಿದವನು, ನಿಂತು ಮಾತಾಡುವವನು. ನನಗೆ ಶಾಲು ಹೊದಿಸಿದರು. ಭಾಷಣಕ್ಕೆ ಸೇಂದಿಯ ರುಚಿ ತಿಳಿದಿರಬೇಕಲ್ಲ, ಹುಲುಗಪ್ಪನನ್ನು ಕೇಳಿದೆ. ಅವನು ಯೋಚಿಸಿ ಹೇಳಿದ: "ಮೊದಲ್ನೇ ಮಗಿ ಹುಳಿ ಇರ್ತೈತ್ರಿ. ಎರಡನೇದ್ರ ರುಚಿ ನನಗೇನು ಗೊತ್ತು?" ಇಷ್ಟು ಬಂಡವಾಳದಿಂದ ನಾನು ಪಾಪಿನಾಯಕನಹಳ್ಳಿಯಲ್ಲಿ ಹೆಂಗಸರನ್ನು ಅಳಿಸಿದೆ.

ಸಭೆಯಲ್ಲಿ ಒಂದೇ ಕಷ್ಟ. ಪೊಲೀಸರ ಕಣ್ಣಲ್ಲಿ ಒಳ್ಳೆಯವನಾಗಲು ಈರಣ್ಣ ಆ ಪೇಟಿಯನ್ನು ಸಂಘಕ್ಕೆ ದಾನ ಕೊಟ್ಟಿದ್ದ. ಪ್ರಾರ್ಥನೆಗೆ ಒಬ್ಬ ಮೇಷ್ಟ್ರು ಅದನ್ನು ಬಾರಿಸುತ್ತಿದ್ದರು. ತಿದಿ ತೆರೆದಾಗ ವೇದಿಕೆಯ ಮೇಲೆ ಹಳೆಯ ಸೇಂದಿಯ ವಾಸನೆ ಸಣ್ಣಗೆ ಹರಡುತ್ತಿತ್ತು, ಮೇಷ್ಟ್ರು ಗಾಂಧಾರ ಇರಬೇಕಾದಲ್ಲೆಲ್ಲ ಬೇರೇನೋ ಒತ್ತುತ್ತಿದ್ದರು. ಶಾಲಿನ ಮೇಲಿದ್ದ ನನ್ನ ಬೆರಳುಗಳು ತಡೆಯಲಾರದೆ ಕುಣಿಯುತ್ತಿದ್ದವು. ರಾಯರು ಎದ್ದು ನನ್ನ ಕಡೆ ಕೈ ತೋರಿಸಿ, "ನೋಡಿ ಮಹನೀಯರೇ, ಬಿಟ್ಟು ಇಷ್ಟು ಕಾಲವಾದರೂ ಕೈ ಇನ್ನೂ ನಡುಗುತ್ತಿದೆ" ಎನ್ನುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತ ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಇಷ್ಟಕ್ಕೇ ನಿಂತಿದ್ದರೆ ನಾನು ಸಾಯುವಾಗ ಸುಳ್ಳನ್ನು ಜತೆಗೇ ಒಯ್ಯುತ್ತಿದ್ದೆ. ಆದರೆ ಓಣಿಯ ಹೆಂಗಸರು ನೀಲವ್ವನ ಹತ್ತಿರ ಬರತೊಡಗಿದರು, ಗಂಡ ಹೊಳೆ ದಾಟುತ್ತಾನೆ ಎಂದು. ಅವಳು ಎಲ್ಲರಿಗೂ ಒಂದೇ ಮದ್ದು ಹೇಳಿದಳು: "ಬೆಲ್ಲ ಬಿಡ್ರವ್ವಾ. ನಮ್ಮನಿಯವರಿಗಿಂತ ಕುಡುಕ್ರ ನಿಮ್ಮವರು?" ಈ ಸಲದ ಯುಗಾದಿಗೆ ನಮ್ಮ ಓಣಿಯಲ್ಲಿ ಮನೆಮನೆಯ ಬಾಗಿಲಲ್ಲೂ ಹೆಂಗಸರು ಬರೀ ಬೇವು ಅಗಿಯುತ್ತ ನಿಂತಿದ್ದರು. ಗಂಡಂದಿರು ಹರಿಗೋಲಿಗೆ ಹೋಗಿದ್ದರು. ನನಗೆ ಹೋಳಿಗೆ ಇಳಿಯಲಿಲ್ಲ.

ಸಾಕ್ಷಿ ಬೇಕೆಂದು ಹುಲುಗಪ್ಪನ ಹತ್ತಿರ ಹೋದೆ. "ನನ್ನ ಮಗಿ ಎಲ್ಲಾ ನೀನ ಕುಡದದ್ದು ಅಂತ ನಮ್ಮನಿಗೆ ಬಂದು ಒಂದು ಮಾತು ಹೇಳಪಾ" ಎಂದೆ. ಅವನು ನನ್ನನ್ನು ಮರುಕದಿಂದ ನೋಡಿದ. "ಗುಮಾಸ್ತ್ರ, ನಾ ಒಂದು ಮಗಿ ಮ್ಯಾಲ ಮುಟ್ಟಿದವನಲ್ಲ. ಊರಿಗೇ ಗೊತ್ತೈತಿ. ಈಗ ನಾನು ಮೊಮ್ಮಕ್ಕಳು ಕಂಡವ, ಬ್ಯಾಡ್ರಿ."

ಸಾಕ್ಷಿಯಿಲ್ಲದೆ ಮನೆಗೆ ಬಂದೆ. ನೀಲವ್ವ ಬೆಲ್ಲದ ಡಬ್ಬಿ ಮುಂದಿಟ್ಟುಕೊಂಡು ಚೂರು ಮಾಡುತ್ತಿದ್ದಳು. ಎದುರು ಕೂತು ಎಲ್ಲವನ್ನೂ ಹೇಳಿದೆ. ಒಂದು ಹನಿಯೂ ಕುಡಿದಿಲ್ಲ, ಹೋದದ್ದು ಪೇಟಿ ಬಾರಿಸಲು, ನಿನ್ನ ಹರಕೆ ದಂಡವಾಯಿತು, ಆ ಹೆಂಗಸರಿಗೆ ಬೆಲ್ಲ ತಿನ್ನಲು ಹೇಳು ಎಂದೆ.

ಅವಳು ಬೆಲ್ಲದ ಒಂದು ಚೂರು ಎತ್ತಿಕೊಂಡಳು. "ನಿಮಗೆಲ್ಲಿ ಪೇಟಿ ಬರ್ತೈತ್ರಿ?"

ಬರುತ್ತದೆ ಎಂದು ತೋರಿಸಲು ಪೇಟಿ ಇರಲಿಲ್ಲ. ಪಕ್ಕದಲ್ಲಿದ್ದ ಮಣೆ ಎಳೆದುಕೊಂಡು, ಸಂಡೂರಿನವರ ಲಾವಣಿಯನ್ನು ಅದರ ಮೇಲೆ ಬಾರಿಸಿದೆ. ಬಹಳ ದಿನವಾಗಿತ್ತು, ಕಣ್ಣು ತಾನಾಗಿ ಮುಚ್ಚಿತು. ಬೆರಳು ಒಂದೂ ತಪ್ಪಲಿಲ್ಲ. ಕಣ್ಣು ಬಿಟ್ಟಾಗ ನೀಲವ್ವ ನನ್ನ ಕೈಗಳನ್ನೇ ನೋಡುತ್ತಿದ್ದಳು. ಬಾಯಿಯ ಹತ್ತಿರ ಒಯ್ದಿದ್ದ ಬೆಲ್ಲದ ಚೂರನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

"ಈ ವಯಸ್ಸಿನ್ಯಾಗ ಹೊಳಿ ದಾಟಿದ್ರೇನ್ರಿ?" ಎಂದಳು.

ಆ ದಿನವೆಲ್ಲ ಅವಳು ಡಬ್ಬಿ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ನಾನು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ದೇವರ ಮುಂದೆ ಅವಳನ್ನು ಕರೆದು ನಿಲ್ಲಿಸಿ, ಹೌದು, ಆನೆಗೊಂದಿಗೆ ಹೋಗಿದ್ದೆ, ಕುಡಿದೆ, ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಿದೆ. ಅವಳು ನನ್ನ ಅಂಗಿ ಮೂಸಿ ನೋಡಿ, ಒಳಗೆ ಹೋಗಿ ಡಬ್ಬಿ ತೆಗೆದಳು. ಅವಳ ಬಾಯಿಯ ಬೆಲ್ಲ ಕರಗುವ ತನಕ ಮನೆಯಲ್ಲಿ ಮಾತಿರಲಿಲ್ಲ. ನಾನು ಮಣೆಯನ್ನು ಗೋಡೆಗೆ ಒರಗಿಸಿಟ್ಟೆ. ಕುಡಿತವನ್ನು ಒಂದು ಸಲ ಬಿಡುವುದೇ ಕಷ್ಟವೆಂದು ನಾನು ಸಭೆಗಳಲ್ಲಿ ಹೇಳುತ್ತೇನೆ. ನಾನು ಎರಡು ಸಲ ಬಿಟ್ಟಿದ್ದೇನೆ.