ಕೈಕಂಪ್ಯೂಟರಿಗೆ ಇಳಿದ ಆತ್ಮಕತೆ

ಮಾವ ಆತ್ಮಕತೆ ಬರೆದದ್ದರಿಂದ ಅಳಿಯನಿಗೇನೂ ತೊಂದರೆಯಿರಲಿಲ್ಲ. ಅದನ್ನು ದಿನಾ ಸಂಜೆ ಅಳಿಯನ ಎದುರು ಕೂತು ಗಟ್ಟಿಯಾಗಿ ಓದತೊಡಗಿದ್ದೇ ತೊಂದರೆಗೆ ಮೂಲ.

ಮಾವ ಲಿಫ್ಟ್ ತಪಾಸಣೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಹಾಗಾಗಿ ಅಧ್ಯಾಯಕ್ಕೊಂದು ಲಿಫ್ಟ್ ಕೆಟ್ಟು ನಿಲ್ಲುತ್ತಿತ್ತು, ಒಳಗೆ ಯಾರೋ ಸಿಕ್ಕಿಹಾಕಿಕೊಳ್ಳುತ್ತಿದ್ದರು, ಮಾವ ಬಂದು ಬಿಡಿಸುತ್ತಿದ್ದರು. ಟೈಲ್ಸ್ ಅಂಗಡಿಯಲ್ಲಿ ದಿನವಿಡೀ ನಿಂತು ಮನೆಗೆ ಬಂದು ಸಿಕ್ಕಿಹಾಕಿಕೊಳ್ಳುವ ಅಳಿಯನನ್ನು ಬಿಡಿಸಲು ಮಾತ್ರ ಯಾರೂ ಬರುತ್ತಿರಲಿಲ್ಲ.

ಮಾವನ ಕಪಾಟಿನಲ್ಲಿ ಹಳೆಯ ಕೈಕಂಪ್ಯೂಟರೊಂದು ಕಣ್ಣಿಗೆ ಬಿದ್ದಾಗ ಅವನಿಗೆ ದಾರಿ ಹೊಳೆಯಿತು. ಇಟ್ಟಿಗೆಯ ದಪ್ಪ, ಬೂದು ಬಣ್ಣದ ಪುಟ್ಟ ಪರದೆ. ತಪಾಸಣೆಗೆಂದು ಕೊಟ್ಟಿದ್ದ ಅದನ್ನು ಇಲಾಖೆಯವರು ನಿವೃತ್ತಿಯ ದಿನ "ನೀವೇ ಇಟ್ಕೊಳ್ಳಿ ಸಾರ್" ಎಂದು ದಾಟಿಸಿದ್ದರು.

"ಮಾವ, ನಿಮ್ಮ ಆತ್ಮಕತೆ ಪೂರ್ತಿ ಇದರೊಳಗೆ ಹಾಕಿಕೊಡ್ಲಾ? ಪಾರ್ಕಿನಲ್ಲಿ ಕೂತು ಎಷ್ಟು ಹೊತ್ತು ಬೇಕಾದ್ರೂ ಓದ್ಕೋಬಹುದು. ನಿಮ್ಮ ಪಾಡಿಗೆ ನೀವು."

ಮಾವನ ಮುಖ ಅರಳಿತು. "ನನ್ನ ಬರವಣಿಗೆ ಮೇಲೆ ನಿಮಗೆ ಇಷ್ಟು ಅಭಿಮಾನ ಇದೆ ಅಂತ ಗೊತ್ತಿರ್ಲಿಲ್ಲ ಅಳಿಯಂದಿರೇ."

ಹೆಂಡತಿ ಗಂಡನನ್ನೊಮ್ಮೆ ಓರೆಗಣ್ಣಿನಲ್ಲಿ ನೋಡಿದಳು. ಆತ್ಮಕತೆಯನ್ನು ಟೈಪ್ ಮಾಡಿದ್ದು ಅವಳೇ. "ಫೈಲ್ ಪೆನ್‌ಡ್ರೈವಲ್ಲಿದೆ ತಗೊಳ್ಳಿ. ಆದ್ರೆ ಆ ಯಂತ್ರಕ್ಕೆ ಅದು ಹೋಗೋ ತೂತೇ ಇಲ್ಲ ಕಣ್ರೀ. ಸೀರಿಯಲ್ ಕೇಬಲ್ ಅಂತ ಒಂದಿದೆ, ಅದು ಸಿಗ್ಸೋ ಜಾಗ ನಮ್ಮ ಕಂಪ್ಯೂಟರಲ್ಲಿಲ್ಲ."

ಆ ಕೇಬಲ್ಲಿನ ಪಿನ್ನುಗಳಿಗೆ ಒಗ್ಗುವಷ್ಟು ಹಳೆಯ ಕಂಪ್ಯೂಟರ್ ಇಡೀ ಬೀದಿಗೆ ಒಂದೇ ಇತ್ತು, ಮೂಲೆಯ ಫೋಟೋ ಸ್ಟುಡಿಯೋದಲ್ಲಿ. ಅಳಿಯ ಭಾನುವಾರ ಬೆಳಿಗ್ಗೆಯೇ ಅಲ್ಲಿ ಹಾಜರಾದ. ಹಿಂದೆಯೇ, ಮುದ್ರಿಸಿದ ಆತ್ಮಕತೆಯ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಮಾವನೂ ಬಂದರು, "ಒಂದಕ್ಷರ ಬಿಟ್ಟುಹೋಗದ ಹಾಗೆ ನೋಡ್ಕೋಬೇಕಲ್ಲ" ಎನ್ನುತ್ತ.

ಸ್ಟುಡಿಯೋದವನು ಕೇಬಲ್ ಸಿಗಿಸಿ ಗುಂಡಿ ಒತ್ತಿದ. ಏನೂ ಆಗಲಿಲ್ಲ. "ಎರಡಕ್ಕೂ ವೇಗ ಒಂದೇ ಇರ್ಬೇಕು. ಇದು ಓಡ್ತಾ ಹೇಳ್ತಿದೆ, ಅದು ನಡೀತಾ ಕೇಳಿಸ್ಕೊಳ್ತಿದೆ" ಎಂದು ಕಂಪ್ಯೂಟರಿನ ವೇಗ ಇಳಿಸಿದ. ಫೈಲು ಕಾಲು ಉಳುಕಿದ ಬಸವನಹುಳುವಿನಂತೆ ಹೊರಟಿತು.

"ಎಷ್ಟು ಹೊತ್ತಾಗತ್ತೆ?"

"ಮಾವ ಎಷ್ಟು ಬರ್ದಿದ್ದಾರೆ?"

ಅಳಿಯ ಮಾವನ ಕಂಕುಳತ್ತ ಕಣ್ಣು ಹಾಯಿಸಿದ. ಕಟ್ಟಿನ ದಪ್ಪ ನೋಡಿದ ಸ್ಟುಡಿಯೋದವನು ಒಂದು ಸ್ಟೂಲು ಎಳೆದುಕೊಟ್ಟ.

ಸ್ಟೂಲಿನಲ್ಲಿ ಕೂರುವ ಯೋಗ ಹೆಚ್ಚು ಹೊತ್ತು ಉಳಿಯಲಿಲ್ಲ. ಮೇಜಿನ ಕೆಳಗಿದ್ದ ಕಂಪ್ಯೂಟರಿನ ಹಿಂದೆ ಕೇಬಲ್ಲಿನ ಪ್ಲಗ್ಗು ಸಡಿಲವಾಗಿ ಅಲ್ಲಾಡುತ್ತಿತ್ತು. ಯಾರಾದರೂ ಅಲ್ಲೇ ಕೂತು ಒತ್ತಿ ಹಿಡಿಯಬೇಕು. ಮಾವನಿಗೆ ಮಂಡಿನೋವು, ಸ್ಟುಡಿಯೋದವನಿಗೆ ಗಿರಾಕಿ. ಅಳಿಯ ಕೆಳಗೆ ತೂರಿಕೊಂಡ.

ಅಷ್ಟರಲ್ಲಿ ಒಬ್ಬ ಅಜ್ಜಿ ಮೊಮ್ಮಗಳ ಫೋಟೋ ತೆಗೆಸಲು ಬಂದರು. ಏನು ಮಾಡಿದರೂ ಮಗು ನಗಲಿಲ್ಲ. ಕುತ್ತಿಗೆ ಹಿಡಿದುಕೊಂಡಿತೆಂದು ಅಳಿಯ ಒಮ್ಮೆ ತಲೆ ಹೊರಗೆ ಹಾಕಿದ್ದೇ ತಡ, ಕಿಲಕಿಲ ನಕ್ಕಿತು.

"ಏಳ್ಬೇಡ ಕಣಪ್ಪ. ಹಾಗೇ ತಲೆ ಹೊರಗೆ ಹಾಕು, ಒಳಗೆ ಎಳ್ಕೋ" ಎಂದರು ಅಜ್ಜಿ.

ಅಳಿಯ ಆಮೆಯಂತೆ ತಲೆ ಹೊರಗೆ ಹಾಕಿದ, ಒಳಗೆ ಎಳೆದುಕೊಂಡ. ಫೋಟೋ ಚೆನ್ನಾಗಿ ಬಂತು. ಖುಷಿಯಾದ ಮಗು ಅಂಬೆಗಾಲಿಟ್ಟು ಬಂದು ಅವನ ಕೈಯಲ್ಲಿದ್ದ ಕೇಬಲ್ಲನ್ನೇ ಎಳೆಯಿತು. ಫೈಲು ನಡುದಾರಿಯಲ್ಲಿ ನಿಂತಿತು.

"ಮೊದಲಿಂದ ಕಳಿಸ್ಬೇಕು" ಎಂದ ಸ್ಟುಡಿಯೋದವನು.

"ಪರವಾಗಿಲ್ಲ, ಅದು ಹೋಗೋವರೆಗೆ ನಾನು ಇವರಿಗೆ ಮೂರನೇ ಅಧ್ಯಾಯ ಓದ್ತೀನಿ" ಎಂದು ಮಾವ ಕಟ್ಟು ಬಿಚ್ಚಿದರು. ಅಜ್ಜಿಗೆ ತಟ್ಟನೆ ಮನೆಯ ಕೆಲಸ ನೆನಪಾಯಿತು. ಮೇಜಿನ ಕೆಳಗಿದ್ದವನಿಗೆ ಹಾಗೆ ನೆನಪಾಗಿ ಪ್ರಯೋಜನವಿರಲಿಲ್ಲ.

ಎರಡನೆಯ ಸಲ, ಪಾಸ್‌ಪೋರ್ಟ್ ಫೋಟೋಗೆಂದು ದೊಡ್ಡ ದೀಪ ಹಾಕಿದಾಗ ಫ್ಯೂಸ್ ಹೋಯಿತು. ಮೂರನೆಯ ಸಲ ಫೈಲು ದಡ ಸೇರಿತು. ಆದರೆ ಪರದೆಯ ತುಂಬ ಬರೀ ಚೌಕಗಳು.

"ನಾನು ಬರೆದದ್ದು ಇದಲ್ಲ" ಎಂದರು ಮಾವ ಗಂಭೀರವಾಗಿ.

"ಕನ್ನಡದ ಅಕ್ಷರ ಅದಕ್ಕೆ ಗೊತ್ತಿಲ್ಲ. ಫಾಂಟೂ ಕಳಿಸ್ಬೇಕು" ಎಂದ ಸ್ಟುಡಿಯೋದವನು. ಅಳಿಯ ಮತ್ತೆ ಮೇಜಿನ ಕೆಳಗಿಳಿದ.

ಸಂಜೆ ಮನೆ ಸೇರುವಾಗ ಅವನ ಸೊಂಟ ಪ್ರಶ್ನಾರ್ಥಕ ಚಿಹ್ನೆಯಂತಾಗಿತ್ತು, ಮನಸ್ಸು ಮಾತ್ರ ಹಗುರವಾಗಿತ್ತು. ಮಾವ ಕುರ್ಚಿಯಲ್ಲಿ ಕೂತು ಕೈಕಂಪ್ಯೂಟರ್ ತೆರೆದರು. ಮನೆಯಲ್ಲಿ ಎಷ್ಟೋ ದಿನಗಳ ಮೇಲೆ ನಿಶ್ಶಬ್ದ. ಅಳಿಯ ಸೋಫಾದಲ್ಲಿ ಕಾಲು ಚಾಚಿದ.

ಮಾವ ಪರದೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ದೀಪದ ಕೆಳಗೆ ಹಿಡಿದರು. "ಅಳಿಯಂದಿರೇ, ಅಕ್ಷರ ಇರುವೆ ಸಾಲಿನ ಹಾಗಿದೆ."

ಅಳಿಯ ಎದ್ದು ಅಕ್ಷರ ದೊಡ್ಡದು ಮಾಡಿದ. 'ಲಿಫ್ಟು' ಎಂಬ ಒಂದು ಪದಕ್ಕೆ ಪರದೆ ತುಂಬಿಹೋಯಿತು. ಮತ್ತೆ ಚಿಕ್ಕದು ಮಾಡಿದ.

"ಕಾಗದದ ಕಟ್ಟು ಇದೆಯಲ್ಲ ಮಾವ, ಅದರಲ್ಲೇ ಓದ್ಕೊಳ್ಳಿ."

"ಅದನ್ನ ಸ್ಟುಡಿಯೋದವನಿಗೆ ಕೊಟ್ಟುಬಿಟ್ಟೆ. ಪಾಪ, ಅಷ್ಟು ಕಷ್ಟಪಟ್ಟ. ಹೇಗೂ ಪೂರ್ತಿ ಇದರೊಳಗೆ ಬಂತಲ್ಲ." ಮಾವ ಕೈಕಂಪ್ಯೂಟರನ್ನು ಅಳಿಯನ ಅಂಗೈಯಲ್ಲಿಟ್ಟು, ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. "ನಿಮ್ಮ ಕಣ್ಣು ಚುರುಕು. ನೀವು ಓದಿ, ನಾನು ಕೇಳ್ತೀನಿ."

ಅಳಿಯ ಹೆಂಡತಿಯ ಕಡೆ ನೋಡಿದ. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ಅಡುಗೆಮನೆಗೆ ಹೋಗಿಬಿಟ್ಟಳು. ಇಷ್ಟು ದಿನ ಕೇಳುವವನಾಗಿ ಕೂತಲ್ಲೇ ಒಂದು ನಿದ್ದೆ ತೆಗೆಯಬಹುದಿತ್ತು. ಓದುವವನಿಗೆ ಆ ಭಾಗ್ಯವೂ ಇಲ್ಲ. ಅವನು ಗಂಟಲು ಸರಿಮಾಡಿಕೊಂಡು ಮೊದಲ ಅಧ್ಯಾಯ ಶುರುಮಾಡಿದ.

"ಸ್ವಲ್ಪ ಭಾವ ತುಂಬಿ ಓದಿ" ಎಂದರು ಮಾವ ಕಣ್ಣು ತೆರೆಯದೆ.

"ಮಾವ, ಹಳೇ ಯಂತ್ರ. ಬ್ಯಾಟರಿ ಬೇಗ ಮುಗಿದುಹೋಗತ್ತೇನೋ," ಅಳಿಯ ಆಸೆಯಿಂದ ಕೇಳಿದ.

"ಚಿಂತೆ ಮಾಡ್ಬೇಡಿ. ಈಗಿನ ಫೋನುಗಳ ಹಾಗಲ್ಲ ಅದು. ಎರಡು ಸೆಲ್ ಹಾಕಿದ್ರೆ ತಿಂಗಳುಗಟ್ಟಲೆ ಬರತ್ತೆ."