ವಿಜ್ಞಾನದ ಮೇಷ್ಟ್ರ ಕಾರು ಸ್ಟಾರ್ಟ್ ಆಗದಿದ್ದಾಗ

‘ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಸಲೀಸಾಗಿ ಹೊರಡುವುದಿಲ್ಲ. ಶಿಕಾರಿಪುರದ ಹೈಸ್ಕೂಲಿನಲ್ಲಿ ಹದಿನೈದು ವರ್ಷ ವಿಜ್ಞಾನ ಹೇಳಿಕೊಟ್ಟವನಿಗೆ, ಗೊತ್ತಿಲ್ಲದ್ದನ್ನೂ ಗೊತ್ತಿರುವವನ ಗತ್ತಿನಲ್ಲಿ ಹೇಳುವುದು ಸೀಮೆಸುಣ್ಣದ ಪುಡಿಯ ಹಾಗೆ ಮೈಗಂಟಿಬಿಡುತ್ತದೆ. ತೊಂಬತ್ತರ ದಶಕದ ನಡುವೆ ಒಂದು ಹಳೆಯ ಕಾರು ಕೊಂಡ ಮೇಲಂತೂ ನನ್ನನ್ನು ಹಿಡಿಯುವವರೇ ಇರಲಿಲ್ಲ. ನಮ್ಮ ಬೀದಿಗೆ ಅದೊಂದೇ ಕಾರು. ತರಕಾರಿ ಅಂಗಡಿ ಮನೆಯಿಂದ ಇನ್ನೂರು ಹೆಜ್ಜೆ. ಅಲ್ಲಿಗೂ ಕಾರಿನಲ್ಲೇ ಹೋಗಿ, ಎರಡು ಕಟ್ಟು ಕೊತ್ತಂಬರಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬರುತ್ತಿದ್ದೆ.

ಹಾಗಿರುವಾಗ ನನ್ನ ಹೆಂಡತಿ ಗಿರಿಜೆಗೆ ಸೊರಬದ ಶಾಲೆಯೊಂದರಲ್ಲಿ ಟೀಚರ್ ಕೆಲಸದ ಆದೇಶ ಬಂತು. ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಓದಿ, ಎಂಟು ವರ್ಷ ಕಾದು ಪಡೆದ ಕೆಲಸ. ಆದೇಶ ಕೈಸೇರಿದ್ದು ತಡವಾಗಿ. ಸೋಮವಾರ ಹನ್ನೆರಡರೊಳಗೆ ಹಾಜರಾಗದಿದ್ದರೆ ಕೈತಪ್ಪುತ್ತಿತ್ತು. “ಬೆಳಗಿನ ಬಸ್ಸಿಗೆ ಹೋಗ್ಬಿಡ್ತೀನ್ರೀ” ಎಂದಳು. “ಕಾರಿಟ್ಕೊಂಡು ಬಸ್ಸೇನೇ?” ಎಂದೆ ನಾನು. ಸೋಮವಾರ ಬೆಳಗ್ಗೆ ಬಸ್ಸು ನಮ್ಮ ಕಣ್ಣೆದುರೇ ಹೋಯಿತು.

ಶಾಲೆಗೆ ರಜೆ ಹಾಕಿದ್ದ ನಾನು ಒಂಬತ್ತಕ್ಕೆ ಕೀ ತಿರುಗಿಸಿದೆ. ‘ಟಕ್’ ಎಂದಿತು. ಮತ್ತೆ ತಿರುಗಿಸಿದೆ. ಮತ್ತೆ ‘ಟಕ್’. ಇಳಿದು ಬಾನೆಟ್ ಎತ್ತಿ, ಬಗ್ಗಿ ಗಂಭೀರವಾಗಿ ನೋಡಿದೆ. ಪಕ್ಕದ ಮನೆಯ ರುದ್ರಪ್ಪನವರು ಹಲ್ಲುಜ್ಜುತ್ತಲೇ ಬಂದರು.

“ಏನಾಗೇತ್ರೀ ಮೇಷ್ಟ್ರೇ?”

“ಕಾರ್ಬ್ಯುರೇಟರ್” ಎಂದೆ. ಅದರ ಹೆಸರು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ಅದರಲ್ಲಿ ಏನೂ ಕಾಣದೆ, “ಪ್ಲಗ್ಗೂ ಇರಬಹುದು” ಎಂದು ತಿದ್ದಿಕೊಂಡೆ.

“ನಾಕು ಮಂದಿನ ಕರೀತೀನಿ, ತಳ್ಳಿಬಿಡಣ ಬರ್ರೀ” ಎಂದರು ರುದ್ರಪ್ಪ. ಅಷ್ಟರಲ್ಲಿ ನನ್ನ ಶಿಷ್ಯರು ಚೀಲ ಹೊತ್ತು ಶಾಲೆಯ ಕಡೆ ಹೊರಟಿದ್ದರು. ಅವರೆದುರು ವಿಜ್ಞಾನದ ಮೇಷ್ಟ್ರ ಕಾರನ್ನು ತಳ್ಳುವುದೇ? ಬೇಡವೇ ಬೇಡ ಎಂದೆ. ಗಡಿಯಾರ ಒಂಬತ್ತೂವರೆ ತೋರಿಸಿತು.

ಗಿರಿಜೆ ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊರಗೆ ಬಂದಳು. “ಲೈಟ್ ಹಾಕ್ರೀ” ಎಂದಳು. ಹಾಕಿದೆ; ಚೆನ್ನಾಗಿಯೇ ಉರಿಯಿತು. “ಈಗ ಕೀ ತಿರುಗಿಸ್ರಿ.” ತಿರುಗಿಸಿದೆ, ಲೈಟು ಕಣ್ಣು ಮುಚ್ಚಿತು. ಅವಳು ಬಗ್ಗಿ ಬ್ಯಾಟರಿಯ ತುದಿಗೆ ಕಚ್ಚಿಸಿದ್ದ ವಯರನ್ನು ಅಲ್ಲಾಡಿಸಿದಳು. ಸುತ್ತ ಹೂಕೋಸಿನ ಹಾಗೆ ಬಿಳಿ ಪುಡಿ ಬೆಳೆದಿತ್ತು.

“ತಾಳಗುಂದದಾಗೆ ನಮ್ಮಣ್ಣನ ಟ್ರ್ಯಾಕ್ಟ್ರೂ ಹಿಂಗೇ ಮಾಡ್ತಿತ್ತು. ಕರೆಂಟು ದಾಟಂಗಿಲ್ಲ, ಅಷ್ಟೇ” ಎಂದವಳೇ ಸ್ಪ್ಯಾನರಿನಿಂದ ವಯರು ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ತೊಳೆದು, ಒರೆಸಿ, ಬಿಗಿಯಾಗಿ ಕಟ್ಟಿದಳು. ವಿದ್ಯುತ್ ಪ್ರವಾಹದ ಪಾಠವನ್ನು ನಾನು ವರ್ಷ ವರ್ಷ ಮಾಡುತ್ತೇನೆ. ಆ ದಿನ ಅದು ನನಗೆ ಮೊದಲ ಸಲ ಅರ್ಥವಾಯಿತು. ಕೀ ತಿರುಗಿಸಿದೊಡನೆ ಕಾರು ಗುರ್ರೆಂದಿತು. ರುದ್ರಪ್ಪನವರು ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಚಪ್ಪಾಳೆ ತಟ್ಟಿದರು.

ಶಿರಾಳಕೊಪ್ಪ ದಾಟಿ ಸೊರಬ ಮುಟ್ಟಿದಾಗ ಹನ್ನೊಂದೂ ಕಾಲು. ಗಿರಿಜೆ ಹಾಜರಿ ಪುಸ್ತಕದಲ್ಲಿ ಮೊದಲ ಸಹಿ ಹಾಕುವುದನ್ನು ಕಂಡು ನನ್ನ ಎದೆ ಎಷ್ಟು ಉಬ್ಬಿತೆಂದರೆ, ಅಂಗಿಯ ಗುಂಡಿಗಳ ಮೇಲೆ ನನಗೇ ನಂಬಿಕೆ ಹೋಯಿತು. ಹೆಡ್‌ಮಾಸ್ಟರು ಅವಳ ಕಪ್ಪಾದ ಬೆರಳುಗಳನ್ನು ನೋಡಿ, “ಇದೆಂತ ಮೇಡಂ?” ಎಂದರು.

“ಕಾರು ಸ್ಟಾರ್ಟ್ ಆಗ್ಲಿಲ್ಲ ಸಾರ್. ಸರಿ ಮಾಡ್ಕೊಂಡು ಬಂದ್ವಿ.”

‘ಬಂದ್ವಿ’ ಎಂಬ ಬಹುವಚನ ನನಗೆ ಸಾಕಾಯಿತು. “ಬ್ಯಾಟರಿ ಸಾರ್. ಕಂಡುಹಿಡಿಯೋದು ಅಷ್ಟು ಸುಲಭ ಅಲ್ಲ” ಎಂದೆ, ಮುಗುಳ್ನಗುತ್ತ.

ಹೆಡ್‌ಮಾಸ್ಟರ ಮುಖ ಅರಳಿತು. “ದೇವರು ಬಂದಂಗೆ ಬಂದ್ರಿ ಮಾರಾಯ್ರೆ! ನಮ್ಮ ಸ್ಕೂಟ್ರು ಮೂರು ದಿನದಿಂದ ಉಸಿರೇ ಬಿಡ್ತಾ ಇಲ್ಲ. ಒಂಚೂರು ನೋಡಿ ಕೊಡಿ” ಎಂದು ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. ಗಿರಿಜೆಯ ಕಡೆ ತಿರುಗಿ ನೋಡಿದೆ. ಅವಳು ತನ್ನ ಮೊದಲ ಪಾಠಕ್ಕೆ ಹೊರಟಾಗಿತ್ತು. ನಾನು ಸ್ಕೂಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, “ಕಾರ್ಬ್ಯುರೇಟರ್” ಎಂದು ಹೇಳಿ, ಗಿರಿಜೆಯ ಪೀರಿಯಡ್ ಮುಗಿಯುವ ಗಂಟೆಗಾಗಿ ಕಾಯತೊಡಗಿದೆ.