ಲಂಕಾ ಉಂಡು ಬಂದ ನಮ್ಮ ಕಾಕಾ

ಭಾಲ್ಕಿಯಲ್ಲಿ ಕೂತು ಜೋಳದ ರೊಟ್ಟಿಯನ್ನು ಹೀಯಾಳಿಸುವ ಧೈರ್ಯ ನಿಜಾಮರ ಇಡೀ ಮುಲ್ಕಿನಲ್ಲಿ ಒಬ್ಬನಿಗೇ ಇತ್ತು. ಅವನು ನಮ್ಮ ಕಾಕಾ, ನಮ್ಮಪ್ಪನ ತಮ್ಮ. ಹೆಸರು ಬೇಡ ಬಿಡಿ, ಅವನನ್ನು ಕಂಡವರು ಈಗಲೂ ನಗುತ್ತಾರೆ.

ಬೀದರಿನ ಸಾವಕಾರನೊಬ್ಬ ಬಿದರಿ ಕೆಲಸದ ಹುಕ್ಕಾ, ಪಾನದಾನ ಮಾರಲು ಲಂಕೆಯ ಕೊಲಂಬೊ ಬಂದರಿಗೆ ಹೊರಟಾಗ ಕಾಕಾನೂ ಪೆಟ್ಟಿಗೆ ಹೊತ್ತು ಹೋದ. ಎಂಟು ತಿಂಗಳಿಗೆ ತಿರುಗಿ ಬಂದ. ಬಂದದ್ದು ಅವನೊಬ್ಬನೇ, ನಾಲಿಗೆ ಅಲ್ಲೇ ಉಳಿದಿತ್ತು. ರೊಟ್ಟಿ ಮುರಿದರೆ ಲಂಕೆಯವರು ಅಕ್ಕಿಹಿಟ್ಟಿನಲ್ಲಿ ಹೊಯ್ಯುವ ಅಪ್ಪ ನೆನಪಾಗಬೇಕು, ಚಟ್ನಿ ಕಂಡರೆ ಕಾಯಿತುರಿಗೆ ಕೆಂಪು ಮೆಣಸಿನಕಾಯಿ ಅರೆದು ನಿಂಬೆ ಹಿಂಡಿದ ಅಲ್ಲಿಯ ಸಂಬಲ ನೆನಪಾಗಬೇಕು.

“ಎಮ್ಮಿ ಮೊಸರಿನ ಮ್ಯಾಲ ಗಿಡದ ರಸ ಕಾಸಿದ ಬೆಲ್ಲದ ಪಾಕ ಸುರೀತಾರವ್ವಾ, ಏನ್ ಹೇಳ್ಲಿ!”

“ಎಮ್ಮಿ ನಮ್ಮಲ್ಲೂ ಅದ. ಮೊದಲ ಅದಕ್ಕ ನೀರ ಕುಡಿಸಿ ಬಾ,” ಎಂದಳು ನಮ್ಮ ಆಯಿ, ಅಂದರೆ ಅವನ ತಾಯಿ. “ರಾವಣನ ಊರಾಗ ಉಂಡು ಬಂದು ಇಷ್ಟ್ಯಾಕ ಹಾರ್ಯಾಡ್ತಿ?”

“ರಾವಣನೂ ಲಿಂಗಪೂಜಿ ಮಾಡಾಂವನ ಇದ್ದ. ಬೀಗರ ಊರು ಅನ್ಕೋ.”

ಆ ಲಂಕೆಯ ಅಪ್ಪವನ್ನು ಮಾಡಿ ತೋರಿಸಿಯೇ ಬಿಡುತ್ತೇನೆಂದು ಕಾಕಾ ಹೊರಟ. ಅದಕ್ಕೆ ತೆಂಗಿನ ಹಾಲು ಬೇಕು. ನಮ್ಮ ಕಡೆ ತೆಂಗಿನಕಾಯಿ ಎಂದರೆ ದೇವರ ಸೊತ್ತು. ಒಂದು ಒಡೆದರೆ ಇಡೀ ಓಣಿಗೆ ಉಗುರಿನಷ್ಟು ಚೂರು. ಕಾಕಾ ಸೋಮವಾರ ಮೂರು ಗುಡಿ ಸುತ್ತಿ ರುಮಾಲಿನಲ್ಲಿ ಪ್ರಸಾದ ಕೂಡಿಸತೊಡಗಿದ.

“ಏನಪಾ, ಭಕ್ತಿ ಭಾಳ ಹೆಚ್ಚಾಗ್ಯಾದ?” ಎಂದರು ಗುಡಿಯ ಅಯ್ಯನವರು.

“ಏನ್ ಮಾಡ್ಲಿರಿ, ಲಂಕಾ ನೋಡಿ ಬಂದ ಮ್ಯಾಲ ದೇವರು ರುಚಿ ಹತ್ತ್ಯಾನ.”

ಅಲ್ಲಿ ಹಿಟ್ಟು ಉಬ್ಬಲು ಸೇಂದಿ ಹಾಕುತ್ತಾರಂತೆ. ಲಿಂಗಾಯತರ ಅಡುಗೆಮನೆಗೆ ಸೇಂದಿ ತರುವುದುಂಟೇ? ಹುಳಿ ಮಜ್ಜಿಗೆ ಸುರಿದ. ಹೊಯ್ದ ಅಪ್ಪ ಬಾಣಲಿಯನ್ನು ಎಷ್ಟು ಪ್ರೀತಿಯಿಂದ ಹಿಡಿದುಕೊಂಡಿತೆಂದರೆ ಆಯಿ ಕಳೆ ತೆಗೆಯುವ ಖುರ್ಪಿ ತಂದು ಕೆತ್ತಬೇಕಾಯಿತು.

ಮುಂದೆ ಅಲ್ಲಿಯವರು ಹಬೆಯಲ್ಲಿ ಬೇಯಿಸುವ ಎಳೆ ಎಳೆ ಅಪ್ಪದ ಸರದಿ. ಶ್ಯಾವಿಗೆ ಮಣೆಯಲ್ಲಿ ಜೋಳದ ಹಿಟ್ಟು ತುಂಬಿ, ಒತ್ತಲು ಅದರ ಮೇಲೆ ಮೂವರನ್ನು ಕೂಡಿಸಿದ. ಹಿಟ್ಟು ಇಳಿಯಲಿಲ್ಲ, ಮಣೆ ಮುರಿಯಿತು. “ಲಂಕಾದಾಗ ಮಣಿ ಗಟ್ಟಿ ಇರ್ತಾವ,” ಎಂದ.

ಆ ವರ್ಷವೇ ನಮ್ಮವ್ವ ಜ್ವರಕ್ಕೆ ಬಿದ್ದಳು. ಇಪ್ಪತ್ತು ದಿನಕ್ಕೆ ಜ್ವರ ಇಳಿಯಿತು, ಬಾಯಿ ತೆರೆಯಲಿಲ್ಲ. ಹಾಲು ಬೇಡ, ನುಚ್ಚು ಬೇಡ. ಹಕೀಮ ಸಾಹೇಬರು ನಮ್ಮಪ್ಪನನ್ನು ಅಂಗಳಕ್ಕೆ ಕರೆದು, “ದವಾದ ಕೆಲಸ ಮುಗೀತು. ಇನ್ನ ಹೊಟ್ಟಿಗಿ ಏನರ ಹೋಗಬೇಕು. ಹೋಗಲಿಲ್ಲಂದ್ರ ನನ್ನ ಕೈಯಾಗ ಏನೂ ಇಲ್ರಿ,” ಎಂದರು. ಬಾಗಿಲ ಮರೆಯಲ್ಲಿ ನಿಂತ ನಾವು ಮಕ್ಕಳೂ ಕೇಳಿಸಿಕೊಂಡೆವು. ಕಾಕಾನೂ ಕೇಳಿಸಿಕೊಂಡ. ರುಮಾಲು ಸುತ್ತಿ ಹೊರಟೇಬಿಟ್ಟ.

ಮರುದಿನ ಸಂಜೆಗೆ ಬೀದರಿನಿಂದ ಕಾಲ್ನಡಿಗೆಯಲ್ಲೇ ತಿರುಗಿ ಬಂದ, ಕಂಕುಳಲ್ಲಿ ಎರಡು ತೆಂಗಿನಕಾಯಿ. ಮುಂಜಾನೆ ಎದ್ದು ಬಾವಿಯ ಬದಿಯ ಒಂದೆಲಗ ಕಿತ್ತು ಅರೆಯತೊಡಗಿದ.

“ಈಗ ಬ್ಯಾಡೋ ತಮ್ಮಾ ನಿನ್ನ ಲಂಕಾ ಆಟ,” ಎಂದಳು ಆಯಿ. ಅವನು ಮೆತ್ತಗೆ ಬೆಂದ ಅಕ್ಕಿಗೆ ಎಲೆಯ ರಸ, ತೆಂಗಿನ ಹಾಲು ಬೆರೆಸಿ ತೆಳ್ಳನೆ ಹಸಿರು ಗಂಜಿ ಮಾಡಿದ. ಬಟ್ಟಲನ್ನೂ ಒಂದು ಚೂರು ಬೆಲ್ಲವನ್ನೂ ಅವ್ವನ ಮುಂದೆ ಹಿಡಿದ.

“ಒಂದು ಗುಟುಕು ಕುಡೀರಿ ವೈನಿ, ಬೆಲ್ಲ ಕಡೀರಿ. ಸೇರಲಿಲ್ಲಂದ್ರ ಬೈರಿ.”

ಅವ್ವ ಕುಡಿದಳು. ಬೆಲ್ಲ ಕಡಿದಳು. ಮತ್ತೊಂದು ಗುಟುಕು. ನಾವೆಲ್ಲ ಅವಳ ಗಂಟಲನ್ನೇ ನೋಡುತ್ತಿದ್ದೆವು.

“ಉಪ್ಪ ಕಡಿಮಿ ಆಗ್ಯಾದ,” ಎಂದಳು.

ಆಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕಾಕಾ ಉಪ್ಪು ತರಲು ಓಡಿದವನು ಡಬ್ಬಿಯನ್ನೇ ಎತ್ತಿಕೊಂಡು ಬಂದ.

“ಇದ ಯಾರ ಕಲಿಸಿದ್ರಿ ನಿಮಗ?” ಅವ್ವ ಕೇಳಿದಳು. ಅಪ್ಪ, ಸಂಬಲ, ಮೊಸರು ಎಂದು ಅವನು ಹೇಳಿದ ನೂರು ಪುರಾಣಗಳಲ್ಲಿ ಈ ಗಂಜಿ ಬಂದೇ ಇರಲಿಲ್ಲ.

“ಅಲ್ಲಿ ನಾನೂ ಹಿಂಗ ಬಿದ್ದಿದ್ದೆ ವೈನಿ. ಸಾವಕಾರ ಬಿಟ್ಟು ಮುಂದಿನ ಊರಿಗಿ ಹೋದ. ಬಾಜೂ ಮನಿ ಮುದುಕಿ ಒಬ್ಬಾಕಿ ದಿನಾ ಮುಂಜಾನಿ ತಂದು ಬೈದು ಬೈದು ಕುಡಿಸಿದಳು. ಆಕಿ ಮಾತು ತಿಳೀತಿದ್ದಿಲ್ಲ, ಬೈಗಳಷ್ಟ ತಿಳೀತಿತ್ತು.” ಒಲೆಯ ಕಡೆ ಮುಖ ತಿರುಗಿಸಿಕೊಂಡ. “ಆಕಿ ಹೆಸರ ಸೈತ ಕೇಳಲಿಲ್ರಿ ನಾ. ನೆನಪಾಗೋದ್ರಾಗ ಹಡಗ ಬಿಟ್ಟಿತ್ತು.”

ಅವ್ವ ಇನ್ನಷ್ಟು ಬೇಕೆಂದು ಖಾಲಿ ಬಟ್ಟಲನ್ನು ಅವನ ಮುಂದೆ ಹಿಡಿದಳು.